‘ಕಷ್ಟಪಡ್ತಿದ್ದೀನಿ’ ಅನ್ನೋದಕ್ಕೆಲ್ಲ ‘ಸ್ಟ್ರಗಲ್’ ಸರಿಯೇ? ಸರಿಯಾದ ಇಂಗ್ಲಿಷ್ ಪದ ಆರಿಸುವ ದಾರಿ

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಒಂದು ದಿನ ರಾತ್ರಿ ಹನ್ನೊಂದರವರೆಗೂ ಕೂತು ಕೆಲಸ ಮಾಡಿದ್ದಾನೆ. ಮರುದಿನ ಲಂಡನ್ನಿನಲ್ಲಿರುವ ಮ್ಯಾನೇಜರ್ ‘ಕೆಲಸ ಎಲ್ಲಿಗೆ ಬಂತು?’ ಎಂದು ಕೇಳಿದರು. ಇವನು ‘ಐ ಆಮ್ ಸ್ಟ್ರಗ್ಲಿಂಗ್ ವೆರಿ ಹಾರ್ಡ್ ಆನ್ ದಿಸ್’ ಎಂದು ಮೆಸೇಜ್ ಹಾಕಿದ. ಅವನ ಮನಸ್ಸಿನಲ್ಲಿದ್ದದ್ದು ‘ತುಂಬಾ ಕಷ್ಟಪಟ್ಟು ಮಾಡ್ತಾ ಇದ್ದೀನಿ’ ಅಂತ. ಅವರು ಓದಿಕೊಂಡದ್ದು ‘ನನ್ನ ಕೈಲಿ ಇದು ಆಗ್ತಿಲ್ಲ’ ಅಂತ. ಸಂಜೆಯ ಹೊತ್ತಿಗೆ ಆ ಕೆಲಸ ಬೇರೆಯವರ ಕೈಗೆ ಹೋಗಿತ್ತು.

‘ಮಾಮ, ಗ್ರಾಮರ್ ಸರಿಯಾಗೇ ಇದೆ ಅಲ್ವಾ? ನಾನೇನು ತಪ್ಪು ಬರೆದೆ?’ ಎಂದು ಅವನು ಫೋನ್ ಮಾಡಿದ. ಗ್ರಾಮರ್ ಸರಿಯಾಗೇ ಇತ್ತು. ಪದ ಮಾತ್ರ ಅವನು ಹೇಳಬೇಕೆಂದಿದ್ದನ್ನು ಹೇಳಲಿಲ್ಲ.

ನಾನು ಹಾಸನದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಮಾತು ಕಲಿಸುತ್ತೇನೆ. ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೋಗುವವರು, ಡಿಪ್ಲೊಮಾ ಹುಡುಗರು, ಮಕ್ಕಳ ಟೀಚರ್ ಜೊತೆ ಮಾತಾಡಬೇಕು ಎನ್ನುವ ತಾಯಂದಿರು ಬರುತ್ತಾರೆ. ‘ಸ್ಟ್ರಗಲ್’ ಎಲ್ಲರ ಬಾಯಲ್ಲೂ ಇದೆ. ಕನ್ನಡ ಮಾತಿನಲ್ಲೇ ಎಷ್ಟು ಸೇರಿಹೋಗಿದೆ ನೋಡಿ: ‘ತುಂಬಾ ಸ್ಟ್ರಗಲ್ ಮಾಡಿ ಮೇಲೆ ಬಂದಿದ್ದಾನೆ’ ಅಂತೀವಿ. ಇಷ್ಟು ಚೆನ್ನಾಗಿ ಗೊತ್ತಿರುವ ಪದ ಅಂತಲೇ ಇದನ್ನು ಯಾರೂ ನಿಂತು ನೋಡುವುದಿಲ್ಲ. ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಒಂದು ಸಲ ನಡೆದು ನೋಡಿ.

ಮೊದಲ ಹೆಜ್ಜೆ: ಇದು ದುಡಿಮೆಯೋ, ತೊಡಕೋ?

ನಮ್ಮ ‘ಕಷ್ಟಪಡು’ ಎರಡು ಕೆಲಸ ಮಾಡುತ್ತದೆ. ‘ಕಷ್ಟಪಟ್ಟು ಓದಿದಳು, ಪಾಸಾದಳು’ ಎಂದಾಗ ಅದು ದುಡಿಮೆ. ‘ಮೊಣಕಾಲು ನೋವು, ಕಷ್ಟಪಟ್ಟು ಎದ್ದರು’ ಎಂದಾಗ ಅದು ತೊಡಕು. ಕನ್ನಡಕ್ಕೆ ಎರಡೂ ಒಂದೇ ಪದದಲ್ಲಿ ಸಾಕು, ಮಾತಿನ ಸಂದರ್ಭದಲ್ಲೇ ಅರ್ಥ ಗೊತ್ತಾಗುತ್ತದೆ. ಇಂಗ್ಲಿಷ್ ಇವೆರಡನ್ನೂ ಬೇರೆ ಬೇರೆ ಇಟ್ಟಿದೆ. ದುಡಿಮೆಗೆ ‘ವರ್ಕ್ ಹಾರ್ಡ್’. ತೊಡಕಿಗೆ ‘ಸ್ಟ್ರಗಲ್’.

ಗೊಂದಲವಾದರೆ ಒಂದು ಸುಲಭದ ಪರೀಕ್ಷೆ ಇದೆ. ನಿಮ್ಮ ಕನ್ನಡ ವಾಕ್ಯದಲ್ಲಿ ‘ಕಷ್ಟಪಟ್ಟು’ ತೆಗೆದು ‘ಮನಸ್ಸಿಟ್ಟು’ ಹಾಕಿ ನೋಡಿ. ವಾಕ್ಯ ನಿಂತರೆ ಅದು ದುಡಿಮೆ. ‘ಮನಸ್ಸಿಟ್ಟು ಓದಿದಳು’ ಸರಿಹೋಗುತ್ತದೆ, ಹಾಗಾಗಿ ‘ಶಿ ಸ್ಟಡೀಡ್ ಹಾರ್ಡ್’. ‘ಮನಸ್ಸಿಟ್ಟು ಎದ್ದರು’ ಅಂತ ಯಾರೂ ಹೇಳುವುದಿಲ್ಲ, ಹಾಗಾಗಿ ‘ಹಿ ಸ್ಟ್ರಗಲ್ಡ್ ಟು ಹಿಸ್ ಫೀಟ್’.

ಅಕ್ಕನ ಮಗನ ವಾಕ್ಯಕ್ಕೂ ಇದೇ ಪರೀಕ್ಷೆ. ‘ಮನಸ್ಸಿಟ್ಟು ಮಾಡ್ತಾ ಇದ್ದೀನಿ’ ಎಂದರೆ ಏನೂ ಕೆಡುವುದಿಲ್ಲ. ಅವನು ಬರೆಯಬೇಕಿದ್ದದ್ದು ‘ಐ ಆಮ್ ವರ್ಕಿಂಗ್ ಹಾರ್ಡ್ ಆನ್ ದಿಸ್’ ಅಷ್ಟೇ. ಇಂಗ್ಲಿಷ್ ಮನೆಮಾತಾದವರ ಕಿವಿಗೆ ‘ಹಿ ಈಸ್ ಸ್ಟ್ರಗ್ಲಿಂಗ್’ ಎಂದರೆ ‘ಅವನಿಗೆ ಇದು ಸರಿಯಾಗಿ ಕೈಗೂಡುತ್ತಿಲ್ಲ’ ಎಂದೇ ಕೇಳಿಸುತ್ತದೆ. ಹೊಗಳಿಕೆ ಅದರಲ್ಲಿ ಇಲ್ಲ.

ಇನ್ನು ‘ಸ್ಟ್ರಗಲ್ ಮಾಡಿ ಮೇಲೆ ಬಂದ’ ಅನ್ನುವ ನಮ್ಮ ಮಾತು. ಇದರಲ್ಲಿ ಮರ್ಯಾದೆ ಇದೆ, ಮೆಚ್ಚುಗೆ ಇದೆ. ಆ ಮೆಚ್ಚುಗೆ ಇಂಗ್ಲಿಷ್‌ನಲ್ಲೂ ಬರಬೇಕು ಅಂದರೆ ‘ಹಿ ಕೇಮ್ ಅಪ್ ದ ಹಾರ್ಡ್ ವೇ’ ಅನ್ನಿ. ಕೆಳಗಿನ ಹುದ್ದೆಯಿಂದ ಹಂತ ಹಂತವಾಗಿ ಬಂದವರಾದರೆ ‘ಹಿ ವರ್ಕ್ಡ್ ಹಿಸ್ ವೇ ಅಪ್’. ಸಿನಿಮಾದವರು ಅವಕಾಶಕ್ಕೆ ಅಲೆಯುವವರನ್ನು ‘ಸ್ಟ್ರಗ್ಲರ್’ ಎನ್ನುತ್ತಾರಲ್ಲ, ಅದು ನಮ್ಮ ದೇಶದಲ್ಲಿ ನಡೆಯುವ ಮಾತು. ಹೊರಗಿನವರಿಗೆ ‘ಎ ಸ್ಟ್ರಗ್ಲಿಂಗ್ ಆಕ್ಟರ್’ ಎಂದರೆ ತಕ್ಷಣ ಅರ್ಥವಾಗುತ್ತದೆ.

ಎರಡನೇ ಹೆಜ್ಜೆ: ಕನ್ನಡದಲ್ಲಿ ಅದು ಯಾವ ‘ಆಟ’?

ತೊಡಕೇ ಅಂತ ಗೊತ್ತಾಯಿತು. ಆದರೆ ಎಂಥ ತೊಡಕು? ಇಲ್ಲಿ ಇಂಗ್ಲಿಷ್ ಡಿಕ್ಷನರಿಗಿಂತ ನಿಮ್ಮ ಮನೆಮಾತೇ ಜಾಸ್ತಿ ಸಹಾಯ ಮಾಡುತ್ತದೆ. ನಮ್ಮಲ್ಲಿ ಇದಕ್ಕೆ ಎಷ್ಟು ಪದ ಇವೆ ನೋಡಿ: ಒದ್ದಾಟ, ಹೆಣಗಾಟ, ಪರದಾಟ, ತೊಳಲಾಟ, ಹೋರಾಟ, ಕಿತ್ತಾಟ. ಎಲ್ಲದರ ಬಾಲದಲ್ಲೂ ‘ಆಟ’ ಇದೆ. ಓಡು ಎಂದರೆ ಒಂದು ಸಲದ ಓಟ, ಓಡಾಡು ಎಂದರೆ ಮತ್ತೆ ಮತ್ತೆ. ಹುಡುಕು, ಹುಡುಕಾಡು. ಕಾಲಿನಿಂದ ಒದೆಯುವುದು ಒಂದು ಸಲ, ಒದ್ದಾಡುವುದು ನಿಲ್ಲದೆ. ಒಂದು ಕೆಲಸ ಮುಗಿಯದೆ ಮರುಕಳಿಸುತ್ತಿದೆ ಎನ್ನುವುದನ್ನು ಈ ‘ಆಡು’ ಹೇಳುತ್ತದೆ.

ಇಂಗ್ಲಿಷ್‌ಗೂ ಇಂಥದ್ದೇ ಒಂದು ಬಾಲ ಇದೆ. ‘ಸ್ಪಾರ್ಕ್’ ಒಂದು ಕಿಡಿ, ‘ಸ್ಪಾರ್ಕಲ್’ ಮಿನುಗುತ್ತಲೇ ಇರುವುದು. ‘ಕ್ರ್ಯಾಕ್’ ಒಂದು ಚಟ್ ಸದ್ದು, ‘ಕ್ರ್ಯಾಕಲ್’ ಒಲೆಯಲ್ಲಿ ಸೌದೆ ಚಟಪಟ ಎನ್ನುತ್ತಿರುವುದು. ಕುಸ್ತಿಗೆ ಹೇಳುವ ‘ರೆಸಲ್’ನಲ್ಲೂ ಅದೇ ಬಾಲ. 14ನೇ ಶತಮಾನದಿಂದ ಬಳಕೆಯಲ್ಲಿರುವ ‘ಸ್ಟ್ರಗಲ್’ನಲ್ಲೂ ಅದೇ. ಇದನ್ನು ಕ್ಲಾಸಿನಲ್ಲಿ ಹೇಳಿದ ದಿನ ಒಬ್ಬ ಹುಡುಗಿ ‘ಹಾಗಾದ್ರೆ ಸ್ಟ್ರಗಲ್ ಅಂದ್ರೆ ಇಂಗ್ಲಿಷ್‌ನ ಒದ್ದಾಟ!’ ಎಂದಳು. ನನಗೆ ಇದಕ್ಕಿಂತ ಒಳ್ಳೆಯ ಅರ್ಥ ಯಾವ ಡಿಕ್ಷನರಿಯಲ್ಲೂ ಸಿಕ್ಕಿಲ್ಲ.

ಈಗ ಒಂದೊಂದಾಗಿ ನೋಡೋಣ.

ಒದ್ದಾಟ ಮೈಗೆ ಸೇರಿದ್ದು. ಬಲೆಗೆ ಬಿದ್ದ ಮೀನು, ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡ ಕರು. ‘ದ ಕಾಫ್ ಸ್ಟ್ರಗಲ್ಡ್ ಟು ಗೆಟ್ ಫ್ರೀ’ ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆದರೆ ‘ರಾತ್ರಿಯೆಲ್ಲ ಹೊಟ್ಟೆನೋವಲ್ಲಿ ಒದ್ದಾಡಿದ’ ಎನ್ನುವುದಕ್ಕೆ ಸ್ಟ್ರಗಲ್ ಬೇಡ. ನೋವಿಗೆ ಮೈ ತಿರುಚಿಕೊಳ್ಳುವುದು ‘ರೈದ್’. ‘ಹಿ ವಾಸ್ ರೈದಿಂಗ್ ಇನ್ ಪೇನ್’ ಅನ್ನಿ. ನಿದ್ದೆ ಬಾರದೆ ಆ ಮಗ್ಗುಲು ಈ ಮಗ್ಗುಲು ಹೊರಳಿದರೆ ‘ಹಿ ಟಾಸ್ಡ್ ಅಂಡ್ ಟರ್ನ್ಡ್ ಆಲ್ ನೈಟ್’.

ಹೆಣಗಾಟ ಕೆಲಸಕ್ಕೆ ಸೇರಿದ್ದು. ‘ಸ್ಟ್ರಗಲ್’ನ ದಿನಬಳಕೆಯ ಅರ್ಥಕ್ಕೆ ಎಲ್ಲಕ್ಕಿಂತ ಹತ್ತಿರದ ಕನ್ನಡ ಪದ ಇದೇ. ಹಳಗನ್ನಡದಲ್ಲಿ ಇದು ‘ಪೆಣಗು’. ಜಡೆ ಹೆಣೆಯುತ್ತೇವಲ್ಲ, ಆ ಹೆಣೆಗೂ ಇದಕ್ಕೂ ನಂಟು. ಒಂದಕ್ಕೊಂದು ತೊಡರಿಕೊಳ್ಳುವುದು, ಸಿಕ್ಕಿಕೊಳ್ಳುವುದು. ನನ್ನ ಅಜ್ಜಿ ಕೊನೆಕೊನೆಗೆ ಸೂಜಿಗೆ ದಾರ ಪೋಣಿಸುತ್ತಿದ್ದದ್ದು ನೆನಪಿದೆ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ಕಿಟಕಿ ಬೆಳಕಿಗೆ ಸೂಜಿ ಹಿಡಿದು, ಪಕ್ಕಕ್ಕೆ ಹೋಯಿತು ಎಂದು ಮತ್ತೆ ಹೊಸೆದು. ಕೇಳಿದರೆ ‘ಕೊಡಲ್ಲ, ನಾನೇ ಹಾಕ್ತೀನಿ’ ಎನ್ನುತ್ತಿದ್ದಳು. ‘ಶಿ ಸ್ಟ್ರಗಲ್ಡ್ ಟು ಥ್ರೆಡ್ ದ ನೀಡಲ್.’ ಪ್ರಯತ್ನ ಇದೆ, ಬಿಡುತ್ತಿಲ್ಲ, ಆದರೂ ಸುಲಭಕ್ಕೆ ಆಗುತ್ತಿಲ್ಲ. ಮೂರೂ ಇದ್ದರೆ ಕಣ್ಣುಮುಚ್ಚಿ ಸ್ಟ್ರಗಲ್ ಹಾಕಿ.

ಪರದಾಟ ಬೇಕಾದ್ದು ಸಿಗದೆ ಅಲೆಯುವುದು. ‘ಬಸ್ಸಿಲ್ಲದೆ ಪ್ರಯಾಣಿಕರ ಪರದಾಟ’ ಅಂತ ಪೇಪರಿನಲ್ಲಿ ಓದುತ್ತೀವಲ್ಲ. ನಡುದಾರಿಯಲ್ಲಿ ಸಿಕ್ಕಿಬಿದ್ದರೆ ‘ಪ್ಯಾಸೆಂಜರ್ಸ್ ವರ್ ಸ್ಟ್ರ್ಯಾಂಡೆಡ್’. ಸಿಕ್ಕ ಆಟೋಗೆ ಎಲ್ಲರೂ ಓಡಿದರೆ ‘ಸ್ಕ್ರ್ಯಾಂಬಲ್ಡ್’. ಸುಮಾರು ಹೊತ್ತು ಹುಡುಕಿ ಸುಸ್ತಾದರೆ ‘ಸ್ಟ್ರಗಲ್ಡ್ ಟು ಫೈಂಡ್ ಎ ಬಸ್’ ಎಂದರೂ ಸರಿಯೇ.

ತೊಳಲಾಟ ಮನಸ್ಸಿನದು. ವಯಸ್ಸಾದ ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಕೆನಡಾಕ್ಕೆ ಹೋಗಲೋ ಬೇಡವೋ ಅನ್ನುವಂಥದ್ದು. ಇದಕ್ಕೆ ‘ಐ ಆಮ್ ಟಾರ್ನ್’ ಬಲು ಚೆನ್ನಾಗಿ ಒಪ್ಪುತ್ತದೆ. ಮನಸ್ಸು ಎರಡಾಗಿ ಹರಿದುಹೋಗಿದೆ ಎಂದು. ಯೋಚಿಸುತ್ತಲೇ ಇದ್ದೇನೆ ಎನ್ನಬೇಕಾದರೆ ‘ಐ ಆಮ್ ರೆಸ್ಲಿಂಗ್ ವಿತ್ ದ ಡಿಸಿಷನ್’.

ಹೋರಾಟದ ಮುಂದೆ ಒಬ್ಬ ಎದುರಾಳಿ ಇರುತ್ತಾನೆ, ಒಂದು ಹಕ್ಕು ಇರುತ್ತದೆ. ಎಷ್ಟೋ ಡಿಕ್ಷನರಿಗಳು ಸ್ಟ್ರಗಲ್‌ಗೆ ಮೊದಲ ಅರ್ಥ ಇದನ್ನೇ ಕೊಡುವುದರಿಂದ ನಮ್ಮ ಮಕ್ಕಳು ಲೆಕ್ಕ ಬರದವನನ್ನೂ ‘ಗಣಿತದೊಂದಿಗೆ ಹೋರಾಡುತ್ತಿದ್ದಾನೆ’ ಎಂದು ಅನುವಾದ ಮಾಡುತ್ತಾರೆ. ‘ಲೆಕ್ಕ ಬಿಡಿಸೋಕೆ ಹೆಣಗ್ತಾನೆ’ ಎಂದರೆ ಮುಗಿಯಿತು. ಹೋರಾಟದ ಅರ್ಥ ಬೇಕಾಗುವುದು ಇಂಥ ಕಡೆ: 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿಕೊಂಡದ್ದು ‘ಫ್ರೀಡಂ ಸ್ಟ್ರಗಲ್’ನ ಭಾಗ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರು ಜಮೀನ್ದಾರರ ವಿರುದ್ಧ ನಿಂತದ್ದು ‘ಪೆಸೆಂಟ್ ಸ್ಟ್ರಗಲ್’. ಇವೆಲ್ಲ ಬಹಳ ಕಾಲ ನಡೆದು, ಜನ ಬೆಲೆ ತೆತ್ತ ಹೋರಾಟಗಳು. ಡಿ.ಸಿ. ಆಫೀಸಿನ ಮುಂದೆ ಒಂದು ದಿನ ಕೂಗಿ ಮನವಿ ಕೊಟ್ಟು ಬರುವುದು ‘ಪ್ರೊಟೆಸ್ಟ್’. ಅದನ್ನು ಸ್ಟ್ರಗಲ್ ಎಂದರೆ ಪದದ ತೂಕ ಇಳಿದುಹೋಗುತ್ತದೆ.

ಕಿತ್ತಾಟ ಕುರ್ಚಿಗಾದರೆ ‘ಪವರ್ ಸ್ಟ್ರಗಲ್’. ಬಸ್ಸಿನ ಸೀಟಿಗಾದರೆ ‘ಟಸಲ್’.

‘ಆಟ’ ಇಲ್ಲದ ಒಂದು ಮುದ್ದಾದ ಪದವೂ ಇದೆ, ‘ಏಗು’. ‘ಈ ಮಗು ಜೊತೆ ಏಗೋಕೆ ನನ್ನಿಂದ ಆಗಲ್ಲ’ ಅಂತ ತಾಯಂದಿರು ಹೇಳುತ್ತಾರೆ. ಇದಕ್ಕೆ ಇಂಗ್ಲಿಷ್ ‘ಕೋಪ್’. ‘ಐ ಕಾಂಟ್ ಕೋಪ್ ವಿತ್ ಹಿಮ್’. ಸ್ಟ್ರಗಲ್ ಕಷ್ಟವನ್ನು ಹೇಳಿದರೆ ಕೋಪ್ ಅದನ್ನು ನಿಭಾಯಿಸುವುದನ್ನು ಹೇಳುತ್ತದೆ.

ಮೂರನೇ ಹೆಜ್ಜೆ: ಪಕ್ಕದ ಪುಟ್ಟ ಪದ ಸರಿ ಇದೆಯೇ ನೋಡಿ

ಐದು ಪುಟ್ಟ ಪದ ಗೊತ್ತಿದ್ದರೆ ಸಾಕು.

ಕಷ್ಟ ಕೊಡುತ್ತಿರುವುದು ಒಂದು ವಸ್ತುವೋ ವಿಷಯವೋ ಆದರೆ ‘ವಿತ್’. ‘ಐ ಆಮ್ ಸ್ಟ್ರಗ್ಲಿಂಗ್ ವಿತ್ ಮ್ಯಾಥ್ಸ್.’ ‘ಹಿ ಸ್ಟ್ರಗಲ್ಸ್ ವಿತ್ ಹಿಸ್ ವೆಯ್ಟ್.’ ಒಂದು ಕೆಲಸ ಮಾಡಲು ಕಷ್ಟವಾದರೆ ‘ಟು’, ಅದರ ಮುಂದೆ ಕ್ರಿಯಾಪದ ಬರಿಮೈಯಲ್ಲಿ ಬರಬೇಕು. ‘ಸ್ಟ್ರಗ್ಲಿಂಗ್ ಟು ಸ್ಪೀಕ್’ ಸರಿ. ‘ಸ್ಟ್ರಗ್ಲಿಂಗ್ ಟು ಸ್ಪೀಕಿಂಗ್’, ‘ಸ್ಟ್ರಗ್ಲಿಂಗ್ ಫಾರ್ ಸ್ಪೀಕ್’ ಎರಡೂ ತಪ್ಪು. ನಮ್ಮ ‘ಮಾತಾಡೋದಕ್ಕೆ’ ಅನ್ನುವ ‘ಕ್ಕೆ’ಯೇ ನಮ್ಮನ್ನು ‘ಫಾರ್’ ಕಡೆಗೆ ಎಳೆಯುವುದು. ಕ್ಕೆ ಬಂದ ಕಡೆ ಒಂದು ಕ್ಷಣ ನಿಂತು ‘ಟು’ ಹಾಕಿ.

‘ಫಾರ್’ ಬರುವುದು ಏನನ್ನಾದರೂ ಪಡೆಯಲು. ಸ್ವಾತಂತ್ರ್ಯಕ್ಕೆ, ಹಕ್ಕಿಗೆ, ಉಸಿರಿಗೆ. ಯಾರ ಅಥವಾ ಯಾವುದರ ವಿರುದ್ಧ ಎನ್ನುವಾಗ ‘ಅಗೇನ್‌ಸ್ಟ್’. ಮೊಣಕಾಲುದ್ದ ಕೆಸರಿನಲ್ಲಿ ಕಾಲು ಕೀಳುತ್ತಾ ಹೋದರೆ ‘ಸ್ಟ್ರಗಲ್ಡ್ ಥ್ರೂ ದ ಮಡ್’. ತಲೆಗೆ ಹೋಗದ ಪುಸ್ತಕವನ್ನು ಹೇಗೋ ಓದಿ ಮುಗಿಸಿದರೂ ಅದೇ ‘ಥ್ರೂ’.

ಕಾಲದ ಒಂದು ತಪ್ಪು ನನ್ನ ಕ್ಲಾಸಿನಲ್ಲಿ ವಾರಕ್ಕೆ ಹತ್ತು ಸಲ ಬರುತ್ತದೆ. ‘ಮೂರು ವರ್ಷದಿಂದ ಹೆಣಗ್ತಿದ್ದೀನಿ’ ಎನ್ನುವುದನ್ನು ‘ಐ ಆಮ್ ಸ್ಟ್ರಗ್ಲಿಂಗ್ ಫ್ರಮ್ ತ್ರೀ ಇಯರ್ಸ್’ ಎಂದು ಹೇಳುವುದು. ‘ದಿಂದ’ ಎಂದರೆ ‘ಫ್ರಮ್’ ಅಂತ ಶಾಲೆಯಲ್ಲಿ ಕಲಿತದ್ದು ಇಲ್ಲಿ ಕೈಕೊಡುತ್ತದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದ್ದರೆ ‘ಐ ಹ್ಯಾವ್ ಬೀನ್ ಸ್ಟ್ರಗ್ಲಿಂಗ್’. ಎಷ್ಟು ಕಾಲ ಎನ್ನಲು ‘ಫಾರ್ ತ್ರೀ ಇಯರ್ಸ್’. ಯಾವಾಗಿನಿಂದ ಎನ್ನಲು ‘ಸಿನ್ಸ್ 2022’. ಇದನ್ನು ಬರೆದು ಕಲಿಯುವುದಕ್ಕಿಂತ ನಿಮ್ಮದೇ ಬದುಕಿನ ಒಂದು ವಾಕ್ಯ ಮಾಡಿಕೊಂಡು ಬಾಯಲ್ಲಿ ಹೇಳಿ ಕಲಿಯಿರಿ. ‘ಐ ಹ್ಯಾವ್ ಬೀನ್ ಸ್ಟ್ರಗ್ಲಿಂಗ್ ವಿತ್ ಬ್ಯಾಕ್ ಪೇನ್ ಫಾರ್ ಟೂ ಮಂತ್ಸ್’ ಅಂತ ನಮ್ಮ ಕ್ಲಾಸಿಗೆ ಬರುವ ಟೈಲರ್ ಒಬ್ಬರು ದಿನಾ ಹೇಳಿಕೊಂಡರು. ಈಗ ಅವರಿಗೆ ಆ ಅಚ್ಚಿನಲ್ಲಿ ಯಾವ ಪದ ಹಾಕಿದರೂ ತಪ್ಪುವುದಿಲ್ಲ.

ಉಚ್ಚಾರಕ್ಕೆ ಒಂದೇ ಮಾತು. ಶುರುವಿನಲ್ಲಿ ‘ಇ’ ಸೇರಿಸಬೇಡಿ. ‘ಇಸ್ಟ್ರಗಲ್’ ಬೇಡ, ನೇರ ‘ಸ್‌’ನಿಂದ ಹೊರಡಲಿ. ಸ್ಪೆಲಿಂಗ್‌ನಲ್ಲಿ ಜಿ ಎರಡು ಸಲ ಬರುತ್ತದೆ, ಕೊನೆಯ ಇ ‘ಸ್ಟ್ರಗ್ಲಿಂಗ್’ ಆದಾಗ ಬಿದ್ದುಹೋಗುತ್ತದೆ.

ನಾಲ್ಕನೇ ಹೆಜ್ಜೆ: ಅಕ್ಕಪಕ್ಕದ ಪದಗಳ ತೂಕ ನೋಡಿ

ಸಮಾನ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಒಂದರ ಜಾಗದಲ್ಲಿ ಇನ್ನೊಂದು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಪ್ರತಿ ಪದಕ್ಕೂ ಅದರದೇ ಬಣ್ಣ ಇದೆ.

ಮಾತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಪದವೇ ಅಲ್ಲ, ಸರಳ ವಾಕ್ಯ. ‘ಐ ಫೈಂಡ್ ಇಟ್ ಹಾರ್ಡ್ ಟು ವೇಕ್ ಅಪ್ ಅರ್ಲಿ.’ ‘ಐ ಹ್ಯಾವ್ ಟ್ರಬಲ್ ಸ್ಲೀಪಿಂಗ್.’ ಇಲ್ಲಿ ‘ಟ್ರಬಲ್’ ಆದಮೇಲೆ ‘ಇಂಗ್’ ರೂಪ ಬರುತ್ತದೆ, ‘ಟು’ ಬರುವುದಿಲ್ಲ. ‘ಐ ಆಮ್ ಹ್ಯಾವಿಂಗ್ ಎ ಹಾರ್ಡ್ ಟೈಮ್’ ಎಂದರೆ ಒಟ್ಟಾರೆ ದಿನಗಳು ಸರಿಯಿಲ್ಲ ಎಂದು.

‘ಸ್ಟ್ರೈವ್’ ಸ್ಟ್ರಗಲ್‌ನ ಗಂಭೀರ ಅಕ್ಕ. ಒಂದು ಒಳ್ಳೆಯ ಗುರಿಯ ಕಡೆಗೆ ಬಿಡದೆ ಶ್ರಮಿಸುವುದು. ರೆಸ್ಯೂಮೆಗೆ, ಭಾಷಣಕ್ಕೆ ಒಪ್ಪುತ್ತದೆ. ‘ಐ ಸ್ಟ್ರೈವ್ ಟು ಡು ಬೆಟರ್’ ಎಂದು ಬರೆಯಬಹುದು, ತರಕಾರಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ‘ಗ್ರ್ಯಾಪಲ್ ವಿತ್’ ಎಂದರೆ ಸಮಸ್ಯೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಂತೆ. ಪೇಪರಿನವರಿಗೆ ಇಷ್ಟದ ಪದ. ನೀರಿನ ಕೊರತೆ, ಟ್ರಾಫಿಕ್ಕು ಇಂಥದ್ದಕ್ಕೆಲ್ಲ ನಗರಗಳು ‘ಗ್ರ್ಯಾಪ್ಲಿಂಗ್’. ನಮ್ಮ ಹೆಣಗಾಟಕ್ಕೆ ಇದು ತಮ್ಮನಂತೆ, ಇಲ್ಲೂ ಒಂದಕ್ಕೊಂದು ಹೆಣೆದುಕೊಂಡ ಚಿತ್ರವೇ ಇರುವುದು. ‘ಟಾಯ್ಲ್’ ಬಿಸಿಲಲ್ಲಿ ಮೈಮುರಿಯುವ ದುಡಿಮೆ. ‘ಸ್ಲಾಗ್’ ಬೇಜಾರಾದರೂ ಬಿಡದೆ ಎಳೆಯುವ ಕೆಲಸ. ‘ಸ್ಟ್ರೇನ್’ ಕಣ್ಣಿಗೋ ಕಿವಿಗೋ ಬೀಳುವ ಒತ್ತಡ: ‘ಐ ಸ್ಟ್ರೇನ್ಡ್ ಟು ಹಿಯರ್’.

‘ಫ್ಲೌಂಡರ್’ ಎಂಬ ಪದವನ್ನು ಹುಷಾರಾಗಿ ಬಳಸಿ. ಕಾಲು ನೆಲೆ ಸಿಗದೆ ತಡವರಿಸುವುದು ಎಂದು ಅರ್ಥ. ಸ್ಟ್ರಗಲ್‌ನಲ್ಲಿ ಪ್ರಯತ್ನಕ್ಕೆ ದಿಕ್ಕಿದೆ, ಫ್ಲೌಂಡರ್‌ನಲ್ಲಿ ಅದೂ ಇಲ್ಲ. ಯಾರನ್ನಾದರೂ ಹೀಗೆಂದರೆ ಅದು ಟೀಕೆಯೇ.

ಹಣದ ವಿಷಯಕ್ಕೆ ಬೇರೆಯದೇ ಮಾತುಗಳಿವೆ. ‘ಎಷ್ಟು ದುಡಿದರೂ ಕೈಗೂ ಬಾಯಿಗೂ ಸಾಲ್ತಿಲ್ಲ’ ಅಂತೀವಿ. ಅವರು ‘ವಿ ಆರ್ ಸ್ಟ್ರಗ್ಲಿಂಗ್ ಟು ಮೇಕ್ ಎಂಡ್ಸ್ ಮೀಟ್’ ಎನ್ನುತ್ತಾರೆ. ಎರಡು ತುದಿ ಒಂದಕ್ಕೊಂದು ಮುಟ್ಟುತ್ತಿಲ್ಲ ಎಂದು. ಹೇಗೋ ದಿನ ತಳ್ಳುತ್ತಿದ್ದರೆ ‘ಸ್ಕ್ರೇಪಿಂಗ್ ಬೈ’.

‘ಸಫರ್’ ಅನ್ನು ಇದರ ಜೊತೆ ಬೆರೆಸಬೇಡಿ. ಜ್ವರ ಬಂದು ಮಲಗಿದರೆ ‘ಸಫರಿಂಗ್ ಫ್ರಮ್ ಫೀವರ್’, ಅಲ್ಲಿ ನಾವು ಅನುಭವಿಸುತ್ತಿದ್ದೇವೆ ಅಷ್ಟೇ. ಸ್ಟ್ರಗಲ್ ಎನ್ನಲು ನಮ್ಮ ಕಡೆಯಿಂದಲೂ ಒಂದು ಎಳೆತ ಇರಬೇಕು.

ಹುಡುಗರ ಬಾಯಲ್ಲಿ ‘ದ ಸ್ಟ್ರಗಲ್ ಈಸ್ ರಿಯಲ್’ ಎಂಬ ಮಾತಿದೆ. ಸೋಮವಾರ ಬೆಳಿಗ್ಗೆ ಏಳುವುದು, ಡಯಟ್ ಮಾಡುವಾಗ ಎದುರಿಗೆ ಜಾಮೂನು ಬರುವುದು, ಇಂಥ ಸಣ್ಣ ಸಂಕಟಕ್ಕೆ ನಗುತ್ತಾ ಹೇಳುವುದು. ಕೆಲಸ ಕಳೆದುಕೊಂಡವರ ಮುಂದೆ ಇದನ್ನು ಹೇಳಿದರೆ ಮನಸ್ಸಿಗೆ ನೋವಾಗುತ್ತದೆ.

ಐದನೇ ಹೆಜ್ಜೆ: ಯಾರ ಮುಂದೆ ಹೇಳುತ್ತಿದ್ದೀರಿ?

ಆಫೀಸಿನಲ್ಲಿ ಸ್ಟ್ರಗಲ್ ಎಂದರೆ ಸಹಾಯ ಕೇಳಿದಂತೆ. ಕೆಲಸ ನಡೆಯುತ್ತಿದ್ದರೆ ‘ಐ ಆಮ್ ಮೇಕಿಂಗ್ ಪ್ರೋಗ್ರೆಸ್’. ಒಂದೇ ಕಡೆ ನಿಂತಿದ್ದರೆ ‘ಐ ಆಮ್ ಸ್ಟಕ್’. ನಿಜಕ್ಕೂ ಸಹಾಯ ಬೇಕಿದ್ದರೆ ಧೈರ್ಯವಾಗಿ ಸ್ಟ್ರಗಲ್ ಹಾಕಿ, ಆದರೆ ಎಲ್ಲಿ ಎಂದು ಹೇಳಿ: ‘ಐ ಆಮ್ ಸ್ಟ್ರಗ್ಲಿಂಗ್ ವಿತ್ ದ ಸೆಕೆಂಡ್ ಪಾರ್ಟ್. ಕುಡ್ ಯು ಹೆಲ್ಪ್ ಮಿ?’ ಇಂಟರ್‌ವ್ಯೂನಲ್ಲಿ ಕಳೆದ ಕಷ್ಟ ಹೇಳುವಾಗ ಅರ್ಧಕ್ಕೆ ನಿಲ್ಲಿಸಬೇಡಿ. ‘ಐ ಸ್ಟ್ರಗಲ್ಡ್ ಅಟ್ ಫಸ್ಟ್, ಬಟ್ ಐ ಲರ್ನ್ಡ್ ಇಟ್’ ಎಂದು ದಡ ಮುಟ್ಟಿಸಿ.

ಹೊರದೇಶದಲ್ಲಿ ಮಕ್ಕಳನ್ನು ಓದಿಸುವವರಿಗೆ ಒಂದು ಮಾತು. ಅಲ್ಲಿನ ಟೀಚರ್‌ಗಳು ‘ದಡ್ಡ’, ‘ವೀಕ್’ ಎನ್ನುವುದಿಲ್ಲ. ‘ಹಿ ಈಸ್ ಸ್ಟ್ರಗ್ಲಿಂಗ್ ಎ ಬಿಟ್ ವಿತ್ ರೀಡಿಂಗ್’ ಎಂದು ಮೆಲ್ಲಗೆ ಹೇಳುತ್ತಾರೆ. ಆ ‘ಎ ಬಿಟ್’ ಕೇಳಿ ನಾವು ‘ಸ್ವಲ್ಪ ತಾನೇ’ ಎಂದು ಬಿಟ್ಟುಬಿಡುತ್ತೇವೆ. ಅದು ಮರ್ಯಾದೆಯ ‘ಸ್ವಲ್ಪ’. ಮಗುವಿಗೆ ಸಹಾಯ ಬೇಕಾಗಿದೆ ಎಂದೇ ಅರ್ಥ ಮಾಡಿಕೊಳ್ಳಿ. ತಕ್ಷಣ ‘ವಾಟ್ ಕ್ಯಾನ್ ವಿ ಡು ಅಟ್ ಹೋಮ್?’ ಎಂದು ಕೇಳಿ.

ಇನ್ನೊಂದು ವಾಕ್ಯವನ್ನು ಎಲ್ಲರೂ ಬಾಯಿಪಾಠ ಮಾಡಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಮನೆಯಲ್ಲಿ ಯಾರಿಗಾದರೂ ಉಸಿರು ಸಿಗದೆ ಒದ್ದಾಡುತ್ತಿದ್ದರೆ ನಾವು ‘ಬ್ರೀದಿಂಗ್ ಪ್ರಾಬ್ಲಂ’ ಎನ್ನುತ್ತೇವೆ. ಅದು ಹಳೇ ಕಾಯಿಲೆಯ ಹೆಸರಿನಂತೆಯೂ ಕೇಳಿಸಬಹುದು. ಈ ಕ್ಷಣ ಆಗುತ್ತಿದೆ ಎಂದು ತಿಳಿಸಲು ‘ಶಿ ಈಸ್ ಸ್ಟ್ರಗ್ಲಿಂಗ್ ಟು ಬ್ರೀದ್’. ಅಮೆರಿಕದಲ್ಲಿ 911, ಬ್ರಿಟನ್‌ನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ಯಾವುದಕ್ಕೆ ಕರೆ ಮಾಡಿದರೂ ಈ ಐದು ಪದ ಸಾಕು. ‘ಬ್ರೆತ್’ ಎಂದರೆ ಉಸಿರು, ‘ಬ್ರೀದ್’ ಎಂದರೆ ಉಸಿರಾಡು. ‘ಟು’ ಆದಮೇಲೆ ‘ಬ್ರೀದ್’. ಮಗನ ಮನೆಗೆಂದು ಆರು ತಿಂಗಳು ಹೋಗುವ ಅಪ್ಪ ಅಮ್ಮಂದಿರಿಗೆ ನಾನು ಇದನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟು ಫ್ರಿಜ್ ಮೇಲೆ ಅಂಟಿಸಲು ಹೇಳುತ್ತೇನೆ.

ಯಾರಾದರೂ ಗೆಳೆಯರು ಮುಂದೆ ‘ವಿತ್’, ‘ಟು’ ಏನೂ ಇಲ್ಲದೆ ಸುಮ್ನೆ ‘ಐ ಆಮ್ ಸ್ಟ್ರಗ್ಲಿಂಗ್’ ಎಂದರೆ ಕಿವಿಗೊಡಿ. ಮನಸ್ಸು ಕುಸಿದಿದೆ ಎಂದು ಹೇಳುವ ರೀತಿ ಅದು. ‘ಎಲ್ಲರಿಗೂ ಇರೋದೇ’ ಎಂದು ತಳ್ಳಿಹಾಕಬೇಡಿ. ‘ಡು ಯು ವಾಂಟ್ ಟು ಟಾಕ್?’ ಎಂದು ಕೇಳಿ. ನಮ್ಮ ದೇಶದಲ್ಲಿರುವವರಾದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಆರನೇ ಹೆಜ್ಜೆ: ಕೊನೆಗೆ ಆಯಿತೋ ಇಲ್ಲವೋ ಹೇಳಿ

ಇದು ಸೂಕ್ಷ್ಮ, ಆದರೆ ನನಗೆ ತುಂಬಾ ಮುಖ್ಯ ಅನಿಸುವ ಹೆಜ್ಜೆ. ಕನ್ನಡದಲ್ಲಿ ‘ಕಷ್ಟಪಟ್ಟು ಮಾಡಿದ’ ಎಂದರೆ ಕೆಲಸ ಆಗಿದೆ. ‘ಮಾಡಿದ’ ಎನ್ನುವುದೇ ಅದನ್ನು ಹೇಳುತ್ತದೆ. ಇಂಗ್ಲಿಷ್‌ನಲ್ಲಿ ‘ಹಿ ಸ್ಟ್ರಗಲ್ಡ್ ಟು ಡು ಇಟ್’ ಎಂದರೆ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಕಷ್ಟಪಟ್ಟದ್ದು ಮಾತ್ರ ಗೊತ್ತಾಗುತ್ತದೆ. ಆಯಿತು ಎಂದು ಹೇಳಲು ‘ಮ್ಯಾನೇಜ್ಡ್ ಟು’ ಬೇಕು, ಇಲ್ಲವೇ ವಾಕ್ಯಕ್ಕೆ ಇನ್ನೊಂದು ತುಂಡು ಸೇರಿಸಬೇಕು.

ಕಳೆದ ವರ್ಷ ಒಬ್ಬ ಹುಡುಗಿ ಕ್ಲಾಸಿಗೆ ಬರುತ್ತಿದ್ದಳು. ನರ್ಸಿಂಗ್ ಮುಗಿಸಿ ಐರ್ಲೆಂಡಿಗೆ ಅರ್ಜಿ ಹಾಕಿದ್ದಳು. ತಂದೆ ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಎರಡೆಕರೆ ತೆಂಗಿನ ತೋಟ ಇಟ್ಟುಕೊಂಡವರು. ನುಸಿ ಬಿದ್ದು ಕಾಯಿ ನಿಂತ ವರ್ಷವೂ ಮಗಳ ಫೀಸು ಕಟ್ಟಿದ್ದರು. ‘ನಮ್ಮಪ್ಪ ಕಷ್ಟಪಟ್ಟು ನನ್ನ ಓದಿಸಿದ್ರು’ ಅನ್ನೋದನ್ನ ಇಂಟರ್‌ವ್ಯೂನಲ್ಲಿ ಹೇಗೆ ಹೇಳಲಿ ಸರ್ ಎಂದು ಕೇಳಿದಳು.

ಬೋರ್ಡಿನ ಮೇಲೆ ಮೂರು ವಾಕ್ಯ ಬರೆದೆವು. ಮೊದಲನೆಯದು, ‘ಮೈ ಫಾದರ್ ವರ್ಕ್ಡ್ ಹಾರ್ಡ್ ಟು ಪುಟ್ ಮಿ ಥ್ರೂ ಕಾಲೇಜ್’. ದುಡಿಮೆ ಬಂತು, ಆ ವರ್ಷದ ಸಂಕಟ ಬರಲಿಲ್ಲ. ಎರಡನೆಯದು, ‘ಮೈ ಫಾದರ್ ಸ್ಟ್ರಗಲ್ಡ್ ಟು ಪುಟ್ ಮಿ ಥ್ರೂ ಕಾಲೇಜ್’. ಸಂಕಟ ಬಂತು, ಆದರೆ ಓದಿಸಿದರೋ ಇಲ್ಲವೋ ಎಂಬ ಅನುಮಾನ ಉಳಿಯಿತು. ಅವಳು ಅದನ್ನು ಅಳಿಸಿ ತಾನೇ ಮೂರನೆಯದನ್ನು ಬರೆದಳು. ಬರೆದು ಎರಡು ಸಲ ಗಟ್ಟಿಯಾಗಿ ಓದಿದಳು.

‘ಮೈ ಫಾದರ್ ಸ್ಟ್ರಗಲ್ಡ್, ಬಟ್ ಹಿ ಪುಟ್ ಮಿ ಥ್ರೂ ಕಾಲೇಜ್.’